ಒಂದು ಬ್ಯಾಂಡಿನ ಕ್ಲಾಸ್ ಇ, ಐದು ಬ್ಯಾಂಡಿನ ಪುಶ್-ಪುಲ್: ಎರಡನ್ನೂ ಕಟ್ಟಿ ನೋಡಿದೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ. ಹಾಗಾಗಿ ನನ್ನ ಹ್ಯಾಮ್ ರೇಡಿಯೋ (ಹವ್ಯಾಸಕ್ಕಾಗಿ ಮಾತಾಡುವ, ಕೇಳುವ ರೇಡಿಯೋ) ಓಡುವುದು 12 ವೋಲ್ಟಿನ, 7 ಆಂಪಿಯರ್-ಅವರ್ ಯುಪಿಎಸ್ ಬ್ಯಾಟರಿಯ ಮೇಲೆ. ಆಂಟೆನಾಗೆ ಹೋಗುವ ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್ ಎಷ್ಟು ಆಂಪಿಯರ್ ನುಂಗುತ್ತದೆ ಅನ್ನುವುದು ನನಗೆ ಪುಸ್ತಕದ ಪ್ರಶ್ನೆಯಲ್ಲ, ರಾತ್ರಿ ಎಷ್ಟು ಹೊತ್ತು ಮಾತಾಡಬಹುದು ಅನ್ನುವ ಪ್ರಶ್ನೆ.

ಅಂಥ ಎರಡು ಆಂಪ್ಲಿಫೈಯರ್ ಕಟ್ಟಿದೆ. ಇಲ್ಲಿ ಕ್ಲಾಸ್ ಅಂದರೆ ಟ್ರಾನ್ಸಿಸ್ಟರನ್ನು ಓಡಿಸುವ ರೀತಿ. ಒಂದು ಕ್ಲಾಸ್ ಇ: ಮೂರು ಬಿಎಸ್170 ಟ್ರಾನ್ಸಿಸ್ಟರ್ ಪ್ಯಾರಲಲ್ಲಾಗಿ, 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಹತ್ತಿರದ ಫ್ರೀಕ್ವೆನ್ಸಿಗಳು) ಮಾತ್ರ. ಇನ್ನೊಂದು ಕ್ಲಾಸ್ ಎಬಿ: ಎರಡು ಐಆರ್‌ಎಫ್510 ಪುಶ್-ಪುಲ್‌ನಲ್ಲಿ, ಅಂದರೆ ಅಲೆಯ ಒಂದೊಂದು ಅರ್ಧವನ್ನು ಒಂದೊಂದು ಟ್ರಾನ್ಸಿಸ್ಟರ್ ಹೊರುವಂತೆ, ಫೆರೈಟ್ ಟ್ರಾನ್ಸ್‌ಫಾರ್ಮರ್ ಜೊತೆ, 3.5ರಿಂದ 28 ಮೆಗಾಹರ್ಟ್ಸ್‌ವರೆಗೆ. ಅದೇ ಬ್ಯಾಟರಿ, ಅದೇ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ನುಂಗುವ ರೆಸಿಸ್ಟರ್).

ಕ್ಲಾಸ್ ಇ 5 ವ್ಯಾಟ್ ಕೊಟ್ಟಾಗ ಎಳೆದದ್ದು 0.48 ಆಂಪಿಯರ್. ಅಂದರೆ ದಕ್ಷತೆ ಸುಮಾರು 87%. ಹೀಟ್‌ಸಿಂಕ್ ಇಲ್ಲ, ಒಂದು ನಿಮಿಷ ಮೋರ್ಸ್ ಕೀ ಒತ್ತಿ ಹಿಡಿದರೂ ಬೆರಳು ಇಟ್ಟು ನೋಡಬಹುದು. ಇಲ್ಲಿ ಟ್ರಾನ್ಸಿಸ್ಟರ್ ಬರೀ ಸ್ವಿಚ್. ಅದರ ಮೇಲಿನ ವೋಲ್ಟೇಜ್ ಸೊನ್ನೆಗೆ ಇಳಿದ ಮೇಲೆಯೇ ಅದು ಆನ್ ಆಗುತ್ತದೆ. ವೋಲ್ಟೇಜೂ ಕರೆಂಟೂ ಒಟ್ಟಿಗೆ ಇರದಿದ್ದರೆ ಬಿಸಿ ಎಲ್ಲಿಂದ ಬರಬೇಕು? 1975ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದವರು ನೇಥನ್ ಸೋಕಲ್ ಮತ್ತು ಅವರ ಮಗ ಅಲನ್ ಸೋಕಲ್. 1996ರಲ್ಲಿ ಒಂದು ಪತ್ರಿಕೆಗೆ ಬೇಕಂತಲೇ ಅರ್ಥವಿಲ್ಲದ ಲೇಖನ ಕಳಿಸಿ, ಅದು ಅಚ್ಚಾದ ಮೇಲೆ ಗುಟ್ಟು ಬಿಟ್ಟ ಭೌತವಿಜ್ಞಾನಿ ಇದೇ ಮಗ. ಅಪ್ಪನ ಜೊತೆ ಬರೆದದ್ದು ಮಾತ್ರ ಅಪ್ಪಟ ಕೆಲಸ.

ಆದರೆ ವೋಲ್ಟೇಜ್ ಸರಿಯಾದ ಗಳಿಗೆಯಲ್ಲಿ ಸೊನ್ನೆಗೆ ಬರಬೇಕಾದರೆ ಕಾಯಿಲ್, ಕೆಪಾಸಿಟರ್ ಎರಡೂ ಆ ಫ್ರೀಕ್ವೆನ್ಸಿಗೇ ಹೊಂದಿರಬೇಕು. 12 ವೋಲ್ಟಿಗೆ 5 ವ್ಯಾಟ್ ಬೇಕು ಅಂದರೆ ಟ್ರಾನ್ಸಿಸ್ಟರ್‌ಗೆ ಕಾಣಬೇಕಾದ ಲೋಡ್ ಸುಮಾರು 16.6 ಓಮ್ (50 ಓಮನ್ನು ನಡುವಿನ ಸರ್ಕ್ಯೂಟ್ ಇಷ್ಟಕ್ಕೆ ಇಳಿಸುತ್ತದೆ). 7 ಮೆಗಾಹರ್ಟ್ಸ್‌ಗೆ ಟ್ರಾನ್ಸಿಸ್ಟರ್‌ಗೆ ಅಡ್ಡಲಾಗಿ 250 ಪಿಕೋಫ್ಯಾರಡ್. ಕಾಯಿಲ್‌ಗೆ ಕೆಂಪು ಟಿ50-2 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 20 ಸುತ್ತು. ಇದನ್ನೇ 28 ಮೆಗಾಹರ್ಟ್ಸ್‌ಗೆ ಒಯ್ದರೆ 250 ಇದ್ದದ್ದು 63ಕ್ಕೆ ಇಳಿಯುತ್ತದೆ. ಮೂರು ಟ್ರಾನ್ಸಿಸ್ಟರ್‌ಗಳ ಸ್ವಂತ ಕೆಪಾಸಿಟನ್ಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಇನ್ನು ಹೊಂದಿಸುವುದು ಏನನ್ನು?

ಸುಮ್ನೆ ಕುತೂಹಲಕ್ಕೆ 40 ಮೀಟರಿನ ಬೋರ್ಡಿಗೇ ಡಮ್ಮಿ ಲೋಡ್ ಮೇಲೆ 10.1 ಮೆಗಾಹರ್ಟ್ಸ್ ಕೊಟ್ಟೆ. ಒಂದು ವ್ಯಾಟ್ ಕೂಡ ಬರಲಿಲ್ಲ, ಟ್ರಾನ್ಸಿಸ್ಟರ್ ಮಾತ್ರ ಸುಡತೊಡಗಿತು. ಆದರೆ ನಮ್ಮ ದೇಶದಲ್ಲಿ 40 ಮೀಟರ್ ಅಂದರೆ 7.0ರಿಂದ 7.2, ಬರೀ 200 ಕಿಲೋಹರ್ಟ್ಸ್. ಅಷ್ಟರೊಳಗೆ ಪವರ್ ತೋರಿಸುವ ಮೀಟರಿನ ಮುಳ್ಳು ನಿಂತ ಜಾಗದಿಂದ ಅಲ್ಲಾಡಲಿಲ್ಲ. ಒಂದೇ ಬ್ಯಾಂಡಿನಲ್ಲಿ ಇರುವವರಿಗೆ ಇದಕ್ಕಿಂತ ಅಗಲ ಯಾಕೆ ಬೇಕು, ಅಲ್ವಾ?

ಪುಶ್-ಪುಲ್ ಕಥೆ ಬೇರೆ. 7 ಮೆಗಾಹರ್ಟ್ಸ್‌ನಲ್ಲಿ 10 ವ್ಯಾಟ್, 1.75 ಆಂಪಿಯರ್, ದಕ್ಷತೆ 48%. ಎಬಿಯ ಹತ್ತಿರದ ನೆಂಟ ಕ್ಲಾಸ್ ಬಿಯ ಆದರ್ಶ ಲೆಕ್ಕವೇ 78.5% ಇರುವಾಗ ಇದಕ್ಕೆ ನಾನೇನೂ ಬೈಯುವುದಿಲ್ಲ. ನನಗೆ ಕಚ್ಚಿದ್ದು ಬೇರೆ ಅಂಕಿ. ಇದನ್ನೂ 5 ವ್ಯಾಟಿಗೆ ಇಳಿಸಿದೆ. ಪವರ್ ಅರ್ಧವಾಯಿತು, ಕರೆಂಟ್ ಮಾತ್ರ 1.25 ಆಂಪಿಯರ್‌ನಲ್ಲೇ ನಿಂತಿತು. ದಕ್ಷತೆ 33%. ಅದೇ 5 ವ್ಯಾಟಿಗೆ ಕ್ಲಾಸ್ ಇಗಿಂತ ಎರಡೂವರೆ ಪಟ್ಟು ಜಾಸ್ತಿ ಬ್ಯಾಟರಿ, ಮೇಲೆ 10 ವ್ಯಾಟ್ ಬಿಸಿ. 28 ಮೆಗಾಹರ್ಟ್ಸ್‌ಗೆ ಹೋದರೆ ಬಂದದ್ದು 3.5 ವ್ಯಾಟ್, ದಕ್ಷತೆ 22%. ಗೇಟ್ ಕೆಪಾಸಿಟನ್ಸ್, ಸೋರ್ಸ್ ಕಾಲಿನ ಇಂಡಕ್ಟನ್ಸ್, ಟ್ರಾನ್ಸ್‌ಫಾರ್ಮರಿನ ಸೋರಿಕೆ ಎಲ್ಲ ಸೇರಿ ತಿಂದುಹಾಕುತ್ತವೆ.

ಅಗಲ ಬ್ಯಾಂಡಿನ ಆಂಪ್ಲಿಫೈಯರ್ ಮಾರುವವರು ಒಂದು ವಿಷಯ ಮೆಲ್ಲಗೆ ಹೇಳುತ್ತಾರೆ. ಬ್ಯಾಂಡ್ ಬದಲಿಸಿದರೆ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಕೂಡ ಬದಲಿಸಲೇಬೇಕು. ಪುಶ್-ಪುಲ್ ಜೋಡಿ ಸಮವಾಗಿದ್ದರೆ ಎರಡನೇ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು ಪಟ್ಟಿನಲ್ಲಿ ಹುಟ್ಟುವ ಬೇಡದ ಸಿಗ್ನಲ್) ತಾನೇ ಕಮ್ಮಿಯಾಗುತ್ತದೆ. ಮೂರನೆಯದು ಹಾಗೇ ಉಳಿಯುತ್ತದೆ, 7ರಲ್ಲಿ ಕೂತು 21ರಲ್ಲಿ ಗಲಾಟೆ ಮಾಡುತ್ತದೆ. ಐದು ಬ್ಯಾಂಡಿಗೆ ನಾನು ನಾಲ್ಕು ಫಿಲ್ಟರ್, ಅವನ್ನು ಬದಲಿಸುವ ರಿಲೇ ಎಲ್ಲ ಹಾಕಬೇಕಾಯಿತು. ಆ ಸಂಜೆ ನನಗೆ ಅನ್ನಿಸಿತು: ರಿಲೇ ಹೇಗೂ ಇವೆ, ಫಿಲ್ಟರ್ ಜೊತೆಗೆ ಕ್ಲಾಸ್ ಇ ಕಾಯಿಲ್ ಕೂಡ ಬದಲಾಗಲಿ. ಬ್ಯಾಂಡಿಗೊಂದು ಚುಚ್ಚುವ ಬೋರ್ಡ್ ಮಾಡಿದೆ. 3.5, 7, 14 ಚೆನ್ನಾಗಿ ಬಂದವು. ಆದರೆ ಒಂದೊಂದು ಬೋರ್ಡಿಗೂ ಆಸಿಲೋಸ್ಕೋಪ್ ಮುಂದೆ ಕೂತು ಟೊರಾಯ್ಡ್ ಸುತ್ತನ್ನು ಹಿಗ್ಗಿಸಿ, ಕುಗ್ಗಿಸಿ ಸಾಕಾಯಿತು. 21ಕ್ಕೆ ಬಂದಾಗ ಕೈಬಿಟ್ಟೆ.

ಕ್ಲಾಸ್ ಇ ಸೂಕ್ಷ್ಮ ಕೂಡ. ಟ್ರಾನ್ಸಿಸ್ಟರ್ ಮೇಲೆ ಬೀಳುವ ಗರಿಷ್ಠ ವೋಲ್ಟೇಜ್ ಸಪ್ಲೈನ 3.56 ಪಟ್ಟು. 12ಕ್ಕೆ 43 ಆಗುತ್ತದೆ, ಚಾರ್ಜರ್ ಹಚ್ಚಿ 13.8 ಆದರೆ 49. ಬಿಎಸ್170 ತಡೆಯುವುದು 60. ಕಳೆದ ಜುಲೈನಲ್ಲಿ ಅಡಿಕೆ ಸೋಗೆ ಬಿದ್ದು ಆಂಟೆನಾ ತಂತಿ ತುಂಡಾಗಿತ್ತು. ನೋಡದೆ ಕೀ ಒತ್ತಿದೆ. ಲೋಡ್ ಇಲ್ಲದೆ ವೋಲ್ಟೇಜ್ 60 ದಾಟಿತೇನೋ, ಮೂರರಲ್ಲಿ ಎರಡು ಸತ್ತವು. ಇಂಥದ್ದಕ್ಕೆ ಐಆರ್‌ಎಫ್510 ಜಗ್ಗುವುದಿಲ್ಲ, ಅದು 100 ವೋಲ್ಟಿನ ಗಟ್ಟಿ ಆಸಾಮಿ.

ಕೊನೆಗೆ ತೀರ್ಮಾನ ಮಾಡಿಸಿದ್ದು ಬ್ಯಾಂಡ್‌ವಿಡ್ತ್ ಅಲ್ಲವೇ ಅಲ್ಲ, ನನ್ನ ದನಿ. ಸ್ವಿಚ್ ಆದ್ದರಿಂದ ಕ್ಲಾಸ್ ಇಗೆ ಆನ್, ಆಫ್ ಎರಡೇ ಗೊತ್ತು. ಮೋರ್ಸ್‌ಗೆ ಅಷ್ಟು ಸಾಕು. ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಿಗೆ ಬಳಸುವ ರೀತಿ) ದನಿಯ ಏರಿಳಿತ ಹಾಗೇ ದಾಟಿ ಹೋಗಬೇಕಾದರೆ ಸಪ್ಲೈ ವೋಲ್ಟೇಜನ್ನೇ ದನಿಯ ಜೊತೆ ಕುಣಿಸುವ ಇನ್ನೊಂದು ಸರ್ಕ್ಯೂಟ್ ಬೇಕು, ಅದು ನನ್ನ ತಾಳ್ಮೆಗೆ ಮೀರಿದ್ದು. ಹಾಗಾಗಿ ಕರೆಂಟ್ ಇದ್ದಾಗ ಪುಶ್-ಪುಲ್‌ನಲ್ಲಿ ಮಾತು. ಲೈಟ್ ಹೋದ ಕೂಡಲೇ ಕೇಬಲ್ ತೆಗೆದು ಕ್ಲಾಸ್ ಇಗೆ ಸಿಕ್ಕಿಸುತ್ತೇನೆ, ಮೋರ್ಸ್ ಶುರು. ಪಕ್ಕದ ಡಬ್ಬಿಯಲ್ಲಿ ಹತ್ತು ಬಿಎಸ್170 ಸದಾ ಇರುತ್ತವೆ.