ಗಿರಾಕಿಯ ಜಾಲತಾಣಕ್ಕೆ ಯಾವುದು: ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್, ಹ್ಯೂಗೊ?

ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಜಿಲ್ಲೆಗಳ ಅಂಗಡಿ, ಕಾಲೇಜು, ಸಹಕಾರಿ ಸಂಘಗಳಿಗೆ ಜಾಲತಾಣ ಕಟ್ಟಿಕೊಡುವುದು ನನ್ನ ಕೆಲಸ. ಯಾವ ಸಿಎಂಎಸ್ (ಕೋಡ್ ಬರೆಯದೆ ತಾಣದ ಬರಹ, ಚಿತ್ರಗಳನ್ನು ಸೇರಿಸಿ ತಿದ್ದಲು ಬಳಸುವ ತಂತ್ರಾಂಶ) ಒಳ್ಳೆಯದು ಎಂದು ಹೊಸದಾಗಿ ಈ ವೃತ್ತಿಗೆ ಬಂದವರು ಕೇಳುತ್ತಲೇ ಇರುತ್ತಾರೆ. ವೇಗ, ವಿನ್ಯಾಸಗಳ ಲೆಕ್ಕ ಆಮೇಲಿನದು. ತಾಣವನ್ನು ಒಪ್ಪಿಸಿದ ಮೇಲೆ ಅದರಲ್ಲಿ ಬರೆಯುವವರು ಯಾರು ಎಂಬುದನ್ನು ನಾನು ಮೊದಲು ವಿಚಾರಿಸುತ್ತೇನೆ. ಬಹಳ ಕಡೆ ಬರೆಯುವವರು ಮಾಲೀಕರಲ್ಲ, ಗುಮಾಸ್ತರು. ಅವರ ಕೈಯಲ್ಲಿರುವುದು ಮೊಬೈಲ್, ಬರೆಯುವುದು ಕನ್ನಡ. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್, ಹ್ಯೂಗೊ ನಾಲ್ಕನ್ನೂ ಗಿರಾಕಿಗಳಿಗಾಗಿ ಬಳಸಿದ್ದೇನೆ. ಇಲ್ಲಿರುವುದು ಆ ಗುಮಾಸ್ತರ ಕಡೆ ನಿಂತು ಮಾಡಿದ ಹೋಲಿಕೆ.

2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಕಲಿಸಲು ಎಲ್ಲಕ್ಕಿಂತ ಸುಲಭ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಇದನ್ನೇ ಹಾಕಿಕೊಟ್ಟೆ. ಡಬ್ಬಿ, ಕಡ್ಡಿ ತಳಿಗಳ ಚೀಲಗಳ ಫೋಟೊ ತೆಗೆದು, ಕೆಳಗೆ ದರ ಬರೆದು, ಅಲ್ಲೇ ಮಾರುಕಟ್ಟೆಯಲ್ಲಿ ನಿಂತು ಮೊಬೈಲಿನಿಂದ ಪ್ರಕಟಿಸುತ್ತಾರೆ. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯೊಂದಿಗೆ ಬಂದ ಬ್ಲಾಕ್ ಸಂಪಾದಕವನ್ನು ಆಗ ಅನೇಕರು ವಿರೋಧಿಸಿದ್ದರು. ಕಲಿಯುವವರ ಪಕ್ಕದಲ್ಲಿ ಕುಳಿತು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಪ್ಯಾರಾ, ಚಿತ್ರ, ಪಟ್ಟಿ ಎಲ್ಲವೂ ಬಿಡಿಬಿಡಿಯಾಗಿರುವುದರಿಂದ ಒಂದನ್ನು ಸರಿಸಿದರೆ ಮತ್ತೊಂದು ಕದಡುವುದಿಲ್ಲ.

ವರ್ಡ್‌ಪ್ರೆಸ್‌ನ ಭಾರವೆಲ್ಲ ಪ್ಲಗಿನ್‌ಗಳಲ್ಲಿ, ಅಂದರೆ ಹೆಚ್ಚುವರಿ ಸೌಲಭ್ಯಕ್ಕಾಗಿ ಸೇರಿಸುವ ಪುಟ್ಟ ತಂತ್ರಾಂಶಗಳಲ್ಲಿದೆ. ಎರಡು ಭಾಷೆ ಬೇಕೆಂದರೆ ಒಂದು ಪ್ಲಗಿನ್, ವಿಚಾರಣೆ ಅರ್ಜಿಗೆ ಇನ್ನೊಂದು, ತಳಿ-ಬಣ್ಣ-ದರದ ಪ್ರತ್ಯೇಕ ಅಂಕಣಗಳಿಗೆ ಮತ್ತೊಂದು. ಒಂದೊಂದಕ್ಕೂ ಬೇರೆ ತಯಾರಕರು, ಬೇರೆ ಅಪ್‌ಡೇಟ್. ವರ್ಷವಿಡೀ ಅಪ್‌ಡೇಟ್ ನೋಡಿಕೊಳ್ಳುವ ಕರಾರು ಇಲ್ಲದೆ ವರ್ಡ್‌ಪ್ರೆಸ್ ತಾಣ ಒಪ್ಪಿಸುವುದು ಸರಿಯಲ್ಲ. ಗಿರಾಕಿ ಬೇಡವೆಂದರೂ ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ವ್ಯತ್ಯಾಸ ಕಾಣುವುದು ಪುಟದ ವಿಳಾಸದಲ್ಲಿ. ಇಂಗ್ಲಿಷ್ ಹೋಲಿಕೆಗಳಲ್ಲಿ ಈ ಮಾತು ಬರುವುದೇ ಇಲ್ಲ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ ಮತ್ತು ಅದಕ್ಕೆ 200 ಚಿಹ್ನೆಗಳಷ್ಟು ಜಾಗ ಇಟ್ಟಿದೆ. ಕನ್ನಡದ ಒಂದೊಂದು ಯುನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಚಿಹ್ನೆಯೂ ವಿಳಾಸದಲ್ಲಿ ಶೇಕಡಾ ಗುರುತು ಮತ್ತು ರೋಮನ್ ಅಕ್ಷರ-ಅಂಕಿಗಳ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ಸ್ವರಚಿಹ್ನೆಗಳೂ ಬೇರೆಯಾಗಿಯೇ ಲೆಕ್ಕಕ್ಕೆ ಬರುತ್ತವೆ. ‘ಮೆಣಸಿನಕಾಯಿ’ ಒಂದೇ ಪದ 10 ಯುನಿಕೋಡ್ ಚಿಹ್ನೆ, ಅಂದರೆ ವಿಳಾಸದಲ್ಲಿ 90. ಅಂಥ ಎರಡು ಪದ ಬಂದರೆ ಜಾಗ ಹೆಚ್ಚುಕಡಿಮೆ ಮುಗಿಯಿತು. ಮುಂದಿನದನ್ನು ಕತ್ತರಿಸಿ ಬಿಡುತ್ತದೆ. ವಾಟ್ಸಾಪಿನಲ್ಲಿ ಕಳಿಸಿದಾಗ ಕಾಣುವುದು ಶೇಕಡಾ ಗುರುತುಗಳ ಉದ್ದನೆಯ ಸಾಲು. ರೈತರು ಅದನ್ನು ಮೋಸದ ಲಿಂಕ್ ಎಂದು ತೆರೆಯುವುದಿಲ್ಲ. ಆದ್ದರಿಂದ ವಿಳಾಸದ ಜಾಗದಲ್ಲಿ ಚಿಕ್ಕದೊಂದು ರೋಮನ್ ಪದ ಹಾಕುವುದನ್ನು ಮೊದಲ ಪಾಠವಾಗಿ ಕಲಿಸುತ್ತೇನೆ.

ಜೂಮ್ಲಾದಲ್ಲಿ ಯುನಿಕೋಡ್ ವಿಳಾಸದ ಆಯ್ಕೆಯನ್ನು ಆನ್ ಮಾಡದಿದ್ದರೆ, ಕನ್ನಡ ಶೀರ್ಷಿಕೆಯ ಪುಟಕ್ಕೆ ದಿನಾಂಕ ಮತ್ತು ಸಮಯದ ಅಂಕಿಗಳೇ ವಿಳಾಸವಾಗುತ್ತವೆ. ನೋಡಲು ಒಣಕಲು, ಆದರೆ ಚಿಕ್ಕದು, ಎಲ್ಲೂ ಮುರಿಯುವುದಿಲ್ಲ. ಡ್ರುಪಲ್‌ಗೆ ಪಾಥ್‌ಆಟೊ ಮಾಡ್ಯೂಲ್ (ಡ್ರುಪಲ್‌ನಲ್ಲಿ ಪ್ಲಗಿನ್‌ಗೆ ಇರುವ ಹೆಸರು) ಸೇರಿಸಿದರೆ ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಿರುಗಿಸಿ ಓದಬಹುದಾದ ವಿಳಾಸ ಕೊಡುತ್ತದೆ. ಈ ಒಂದು ಅಂಶದಲ್ಲಿ ನನ್ನ ಮೆಚ್ಚುಗೆ ಡ್ರುಪಲ್‌ಗೇ.

ಇನ್ನೊಂದು ಮಾತು ನಾಲ್ಕಕ್ಕೂ ಅನ್ವಯಿಸುತ್ತದೆ. ಸಿದ್ಧ ಥೀಮ್‌ಗಳು ಶೀರ್ಷಿಕೆಯ ಸಾಲುಗಳನ್ನು ಬಹಳ ಒತ್ತಾಗಿ ಜೋಡಿಸಿರುತ್ತವೆ. ‘ಸ್ವಾತಂತ್ರ್ಯ’ದಂಥ ಪದ ಬಂದಾಗ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಿನ ಆಸುಪಾಸು ಇಟ್ಟರೆ ಕಣ್ಣಿಗೆ ಹಿತ. ಮುದ್ರಣಾಲಯದಿಂದ ಬಂದ ಹಳೆಯ ನುಡಿ ಫಾಂಟಿನ ಬರಹವನ್ನು ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಜೂಮ್ಲಾ ಬಗ್ಗೆ ಇಂದು ಮಾತನಾಡುವವರು ಕಡಿಮೆ, ಆದರೂ ನಾನು ಅದನ್ನು ಕೈಬಿಟ್ಟಿಲ್ಲ. ಧಾರವಾಡದ ಒಂದು ಸಂಗೀತ ಶಾಲೆಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕಿತ್ತು. ಮಹಾರಾಷ್ಟ್ರದಿಂದಲೂ ಅವರಿಗೆ ಶಿಷ್ಯರು ಬರುತ್ತಾರೆ. ಬಹುಭಾಷೆಯ ವ್ಯವಸ್ಥೆ ಜೂಮ್ಲಾದ ಮೂಲದಲ್ಲೇ ಇದೆ, ಹೆಚ್ಚುವರಿ ಏನನ್ನೂ ಕೊಳ್ಳಬೇಕಿಲ್ಲ. ಪ್ರತಿ ಭಾಷೆಗೂ ಬೇರೆ ಮೆನು, ಬೇರೆ ಮುಖಪುಟ ಮಾಡಿ ಲೇಖನಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಬೇಸರ ತರಿಸುವಷ್ಟಿದೆ. ಕಟ್ಟುವವರ ಪಾಲಿಗೆ ಬರುವ ಆ ಶ್ರಮದಿಂದ ಬಳಸುವವರಿಗೆ ನೆಮ್ಮದಿ ಸಿಗುತ್ತದೆ. ಆದರೆ ಅದರ ನಿರ್ವಹಣಾ ಪುಟದಲ್ಲಿ ಆಯ್ಕೆಗಳು ಅತಿಯಾಗಿವೆ. ಬೇಕಿಲ್ಲದವನ್ನು ಗುಮಾಸ್ತರ ಖಾತೆಯಿಂದ ಮರೆಮಾಡಿಯೇ ಒಪ್ಪಿಸುತ್ತೇನೆ.

ಡ್ರುಪಲ್ ದೊಡ್ಡ ಸಂಸ್ಥೆಗಳಿಗೆ ಹೇಳಿ ಮಾಡಿಸಿದ್ದು. ವಿಭಾಗದವರು ಬರೆದ ಪ್ರಕಟಣೆಯನ್ನು ಪ್ರಾಚಾರ್ಯರು ಒಪ್ಪಿದ ಮೇಲೆಯೇ ಹೊರಗೆ ಬಿಡಬೇಕು ಎಂಬ ಕಾಲೇಜಿಗೆ ಅದರ ಅನುಮೋದನೆಯ ಹಂತಗಳು ಬಹಳ ಉಪಯುಕ್ತ. ಅಗ್ಗದ ಹೋಸ್ಟಿಂಗ್ (ತಾಣವನ್ನು ಇಡುವ ಬಾಡಿಗೆ ಸರ್ವರ್ ಜಾಗ) ಅದಕ್ಕೆ ಸಾಲದು, ಮುಂದೆ ನೋಡಿಕೊಳ್ಳುವವರೂ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಡ್ರುಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಅಲ್ಲಿಂದ ಹೊಸ ಆವೃತ್ತಿಗೆ ಹೋಗುವುದೆಂದರೆ ತಾಣವನ್ನು ಮತ್ತೆ ಕಟ್ಟಿ ಮಾಹಿತಿಯನ್ನು ಸಾಗಿಸಿದಂತೆಯೇ. ಅಂಥ ಖರ್ಚಿಗೆ ಅನುದಾನವಿಲ್ಲದ ಸಂಸ್ಥೆಗೆ ನಾನು ಇದನ್ನು ಸೂಚಿಸುವುದಿಲ್ಲ.

ಹ್ಯೂಗೊವನ್ನು ಸಿಎಂಎಸ್ ಎನ್ನಲಾಗದು. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಬರಹದ ಕಡತಗಳಿಂದ ಸಿದ್ಧ ಪುಟಗಳನ್ನು ಮಾಡಿಕೊಡುತ್ತದೆ. ಗುಮಾಸ್ತರಿಗೆ ಇದನ್ನು ಕಲಿಸುವುದು ಕಷ್ಟ. ಆದರೂ ಗದಗ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಇದನ್ನೇ ಆರಿಸಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆಯಲ್ಲಿ ಇಂಥ ಸಣ್ಣ ಸಂಘಗಳು ಅನೇಕ ಇವೆ. ಅವರಿಗೆ ಬೇಕಾದದ್ದು ವಿಳಾಸ, ಬಡ್ಡಿದರ, ಆಡಳಿತ ಮಂಡಳಿಯ ಹೆಸರುಗಳು, ವಾರ್ಷಿಕ ವರದಿ. ಲಾಗಿನ್ ಪುಟವೇ ಇಲ್ಲದ ಕಾರಣ ಗುಪ್ತಪದ ಕದ್ದು ಒಳನುಗ್ಗುವ ದಾರಿಯೂ ಅಲ್ಲಿಲ್ಲ. ಹಣದ ವ್ಯವಹಾರ ಮಾಡುವ ಸಂಘದ ಹೆಸರಿನ ತಾಣಕ್ಕೆ ಅದು ದೊಡ್ಡ ಧೈರ್ಯ. ಬದಲಾವಣೆ ಇದ್ದಾಗ ಕಾರ್ಯದರ್ಶಿಯವರು ವಾಟ್ಸಾಪಿನಲ್ಲಿ ಹೇಳುತ್ತಾರೆ, ನಾನು ಕಡತ ತಿದ್ದುತ್ತೇನೆ. ಸೆಪ್ಟೆಂಬರ್‌ನ ಮಹಾಸಭೆಯ ಹೊತ್ತಿಗೆ ಹೊಸ ವರದಿ ಸೇರಿಸುತ್ತೇನೆ. ಬಡ್ಡಿದರ ಮೇಲಿಂದ ಮೇಲೆ ಬದಲಾಗುವ ದೊಡ್ಡ ಸಂಘವಾಗಿದ್ದರೆ ಅವರಿಗೂ ವರ್ಡ್‌ಪ್ರೆಸ್ಸನ್ನೇ ಕೊಡುತ್ತಿದ್ದೆ.