ಟೋಕಿಯೊದಲ್ಲಿ ಮೊದಲ ದಿನಗಳು: ಶಿನ್-ಓಕುಬೊ, ಅಸಾಕುಸಾ, ಒಕಾಚಿಮಾಚಿ – ಎಲ್ಲಿ ತಂಗಿದರೆ ಅನುಕೂಲ?

ಟೋಕಿಯೊಗೆ ಮೊದಲ ಸಲ ಹೊರಟ ಮುಸ್ಲಿಂ ಪ್ರವಾಸಿಗೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಊಟಕ್ಕೆ ಸಂಬಂಧಿಸಿದವು. ಹಲಾಲ್ ಅಂಗಡಿಗಳ ಪಕ್ಕದಲ್ಲೇ ಕೋಣೆ ಹಿಡಿಯಿರಿ ಎನ್ನುವವರು ಶಿನ್-ಓಕುಬೊ ಬಡಾವಣೆಯನ್ನು ಸೂಚಿಸುತ್ತಾರೆ. ನೋಡುವ ಜಾಗಗಳ ನಡುವೆಯೇ ಇದ್ದರೆ ಓಡಾಟ ಉಳಿಯುತ್ತದೆ ಎನ್ನುವವರು ಅಸಾಕುಸಾದ ಪರವಾಗಿ ಮಾತನಾಡುತ್ತಾರೆ. ಉಯೆನೊ ಉದ್ಯಾನದ ತೆಂಕಣಕ್ಕಿರುವ ಒಕಾಚಿಮಾಚಿಯ ಹೆಸರೆತ್ತುವವರು ಕಡಿಮೆ. ಬೇರೆ ಬೇರೆ ಚಳಿಗಾಲಗಳಲ್ಲಿ ನಾನು ಈ ಮೂರೂ ಕಡೆ ತಂಗಿದ್ದೇನೆ. ಪ್ರತಿ ಸಲವೂ ಟೋಕಿಯೊವನ್ನು ಮೊದಲ ಬಾರಿಗೆ ನೋಡುವವರು ಯಾರಾದರೊಬ್ಬರು ಜೊತೆಗಿದ್ದುದರಿಂದ, ಹೊಸಬರಿಗೆ ಎಲ್ಲಿ ಅನುಕೂಲ, ಎಲ್ಲಿ ಕಿರಿಕಿರಿ ಎಂಬುದು ಕಣ್ಣಿಗೆ ಬಿದ್ದಿದೆ. ತಂಗುವ ಜಾಗವನ್ನು ರಾತ್ರಿಯ ಊಟ ನೋಡಿ ಆರಿಸುವುದಕ್ಕಿಂತ, ಮಧ್ಯಾಹ್ನದ ನಮಾಝಿನ ಹೊತ್ತಿಗೆ ನಾವು ಎಲ್ಲಿರುತ್ತೇವೆ ಎಂಬುದನ್ನು ನೋಡಿ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಡಿಸೆಂಬರಿನ ಹಗಲು. ನಮ್ಮ ಕರಾವಳಿಯಲ್ಲಿ ಆ ತಿಂಗಳು ಸೂರ್ಯ ಮುಳುಗಿ ಮಗ್ರಿಬ್ ನಮಾಝ್ ಆಗುವಾಗ ಸಂಜೆ ಆರು ಗಂಟೆಯ ಆಸುಪಾಸು. ಟೋಕಿಯೊದಲ್ಲಿ ಸೂರ್ಯ 4 ಗಂಟೆ 28 ನಿಮಿಷದ ಹೊತ್ತಿಗೇ ಮುಳುಗುತ್ತಾನೆ. ಮಧ್ಯಾಹ್ನದ ನಮಾಝ್ ಝುಹರ್ ಹನ್ನೊಂದೂವರೆಗೆ ಆರಂಭವಾಗುತ್ತದೆ. ಅದರ ನಂತರದ ನಮಾಝ್ ಅಸರ್, ಶಾಫಿಈ ಪಂಥದ ಲೆಕ್ಕದಲ್ಲಿ ಎರಡು ಗಂಟೆ ಹತ್ತು ನಿಮಿಷಕ್ಕೆ, ಹನಫಿ ಪಂಥದ ಲೆಕ್ಕದಲ್ಲಿ ಮುಕ್ಕಾಲು ಮೂರರ ಸುಮಾರಿಗೆ. ಸುತ್ತಾಡಲು ಬೆಳಕಿರುವ ಹೊತ್ತಿನ ನಟ್ಟನಡುವೆಯೇ ಎರಡು ನಮಾಝ್‌ಗಳು ಬೀಳುತ್ತವೆ. ಕೊನೆಯ ಸಲ ನನ್ನ ಜೊತೆ ಬಂದವರು ಕಲಬುರಗಿಯ ಗೆಳೆಯರು, ಹನಫಿ. ನಾನು ಬ್ಯಾರಿ, ಶಾಫಿಈ. ಒಂದು ಊರಿನಲ್ಲಿ ನಾಲ್ಕು ದಿನಕ್ಕಿಂತ ಕಡಿಮೆ ನಿಲ್ಲುವ ಪ್ರಯಾಣಿಕನಾಗಿ ನನಗೆ ಝುಹರ್ ಮತ್ತು ಅಸರ್ ಎರಡನ್ನೂ ಒಂದೇ ಹೊತ್ತಿಗೆ ಸೇರಿಸಿ, ಎರಡೆರಡು ರಕಅತ್‌ಗೆ (ನಮಾಝಿನ ಸುತ್ತಿಗೆ) ಮೊಟಕುಗೊಳಿಸಿ ಮುಗಿಸುವ ಅವಕಾಶವಿತ್ತು. ಗೆಳೆಯರಿಗೆ ಮೊಟಕುಗೊಳಿಸುವ ಅವಕಾಶ ಮಾತ್ರ ಇತ್ತು, ಸೇರಿಸುವುದಿರಲಿಲ್ಲ. ಹಾಗಾಗಿ ನನಗೆ ದಿನಕ್ಕೆ ಒಂದು ಸಲ ಬೇಕಾದ ಜಾಗ ಅವರಿಗೆ ಎರಡು ಸಲ ಬೇಕಾಗುತ್ತಿತ್ತು, ಅದರಲ್ಲೂ ಎರಡನೆಯದಕ್ಕೆ ಸಿಗುತ್ತಿದ್ದುದು ಒಂದೂಮುಕ್ಕಾಲು ಗಂಟೆಯಷ್ಟೇ.

ಶಿನ್-ಓಕುಬೊ, ನಗರವನ್ನು ಸುತ್ತುವ ಯಾಮಾನೋತೆ ರೈಲು ಮಾರ್ಗದಲ್ಲಿ ಶಿಂಜುಕು ನಿಲ್ದಾಣದ ಪಕ್ಕದ ನಿಲ್ದಾಣ. ಮುಖ್ಯ ರಸ್ತೆಯ ಒಂದು ಪಕ್ಕದಲ್ಲಿ ಕೊರಿಯನ್ ಅಂಗಡಿಗಳ ಸಾಲು, ನಿಲ್ದಾಣದ ಎದುರಿನ ಕಿರುಬೀದಿಯಲ್ಲಿ ‘ಇಸ್ಲಾಂ ಯೊಕೊಚೊ’ ಎಂದು ಟೋಕಿಯೊದವರೇ ಕರೆಯುವ ಹಲಾಲ್ ಅಂಗಡಿಗಳ ಗುಂಪು. ಫ್ರೀಜರಿನಲ್ಲಿ ಕೋಳಿ, ಕುರಿ, ಗೋಣಿಯಲ್ಲಿ ಬಾಸ್ಮತಿ, ಕಪಾಟಿನಲ್ಲಿ ನಮಗೆ ಪರಿಚಿತವಾದ ಮಸಾಲೆ ಪೊಟ್ಟಣಗಳು, ಗಲ್ಲೆಯ ಬಳಿ ಸಿಮ್ ಕಾರ್ಡು. ನೇಪಾಳಿ, ಬಂಗಾಳಿ, ಪಾಕಿಸ್ತಾನಿ, ಭಾರತೀಯ ಹೋಟೆಲುಗಳು ಒಂದರ ಪಕ್ಕ ಒಂದು. ಕಟ್ಟಡವೊಂದರ ಮೇಲ್ಮಹಡಿಯಲ್ಲಿ ಮಸೀದಿಯೂ ಇದೆ. ವಿಮಾನ ಇಳಿದ ರಾತ್ರಿ, ಹಸಿವಿನಲ್ಲಿ ಕಾಲೆಳೆಯುತ್ತಾ ಬಂದವರಿಗೆ ಹಿಂದಿಯಲ್ಲೇ ಮಾತಾಡಿ ಬಿಸಿ ಅನ್ನ-ಸಾರು ಸಿಗುವ ಈ ಬೀದಿಗೆ ಸಾಟಿಯಾದುದು ನಗರದಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಆದರೆ ಬೆಳಗಾದ ಮೇಲೆ ಅಲ್ಲಿ ಮಾಡಲು ಏನೂ ಇಲ್ಲ. ನೋಡಬೇಕಾದುದಕ್ಕೆಲ್ಲ ರೈಲು ಹತ್ತಲೇಬೇಕು. ನಿಲ್ದಾಣಕ್ಕೆ ಇರುವುದು ಒಂದೇ ಬಾಗಿಲು, ವಾರಾಂತ್ಯದಲ್ಲಿ ಕೊರಿಯನ್ ಅಂಗಡಿಗಳಿಗೆ ಬರುವ ಯುವಜನರಿಂದ ಅದು ಕಿಕ್ಕಿರಿದಿರುತ್ತದೆ. ಉಯೆನೊ ಕಡೆಗೆ ಹೋಗಿ ಬರುವುದಕ್ಕೆ ಸುಮಾರು ಒಂದು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಇನ್ನೊಂದು ಮಾತು: ಮೂರು ಹೊತ್ತೂ ಬಿರಿಯಾನಿ ತಿನ್ನುವ ಉದ್ದೇಶವಿದ್ದರೆ ಬೆಂಗಳೂರಿನ ಶಿವಾಜಿನಗರ ಅಗ್ಗ, ರುಚಿಯೂ ಹೆಚ್ಚು.

ಅಸಾಕುಸಾದ ಬಲವೇ ಬೆಳಗು. ಸುಬಹ್ ನಮಾಝ್ ಮುಗಿಸಿ, ಆರೂ ಮುಕ್ಕಾಲರ ಹೊತ್ತಿಗೆ ಕೋಣೆಯಿಂದ ಹೊರಬಿದ್ದರೆ ಸೆನ್ಸೊಜಿ ದೇವಾಲಯದ ಎದುರಿನ ನಾಕಾಮಿಸೆ ಬೀದಿ ಬಹುತೇಕ ಖಾಲಿಯಾಗಿರುತ್ತದೆ. ಸುಮಾರು 250 ಮೀಟರು ಉದ್ದದ ಆ ಬೀದಿಯಲ್ಲಿ ಅಂಗಡಿಗಳ ಕದ ಮುಚ್ಚಿರುವುದರಿಂದ, ಹಗಲಿನಲ್ಲಿ ಕಾಣಿಸದ ಚಿತ್ರಗಳು ಕದಗಳ ಮೇಲೆ ಕಾಣಿಸುತ್ತವೆ. ಕಾಮಿನಾರಿಮೊನ್ ಬಾಗಿಲಿನ ಕೆಂಪು ಲಾಂದ್ರ 3.9 ಮೀಟರು ಎತ್ತರ, 700 ಕಿಲೊ ತೂಕದ್ದು. ಅದರ ಕೆಳಗೆ ಜನರ ತಳ್ಳಾಟವಿಲ್ಲದೆ ನಿಂತು ತಲೆಯೆತ್ತಿ ನೋಡಿದರೆ ತಳದಲ್ಲಿ ಕೆತ್ತಿದ ಡ್ರ್ಯಾಗನ್ ಸ್ಪಷ್ಟವಾಗಿ ಕಾಣುತ್ತದೆ. ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಸೋದರರಿಗೆ 628ರಲ್ಲಿ ಕರುಣೆಯ ಬೋಧಿಸತ್ವ ಕಾನ್ನೊನ್‌ನ ಮೂರ್ತಿ ಸಿಕ್ಕಿತೆಂಬುದು ಈ ದೇವಾಲಯದ ಐತಿಹ್ಯ. ಈಗಿನ ಮುಖ್ಯ ಮಂದಿರವು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದುದರ ಜಾಗದಲ್ಲಿ 1958ರಲ್ಲಿ ಎದ್ದದ್ದು. ಅಂಗಳದಲ್ಲಿ ನೀರಿನ ತೊಟ್ಟಿಯೊಂದಿದೆ. ಅದು ಅಲ್ಲಿಯ ಭಕ್ತರು ಕೈ ಬಾಯಿ ಶುದ್ಧಿ ಮಾಡಿಕೊಳ್ಳುವ ಜಾಗ, ನಮಾಝಿಗೆ ಮುನ್ನ ಕೈಕಾಲು ಮುಖ ತೊಳೆಯುವ ವುಝೂ ಮಾಡುವ ಜಾಗವಲ್ಲ. ಇದನ್ನು ಬರೆಯಬೇಕಾಗಿರುವುದು, ಅನುಕೂಲವಾಗಿದೆಯಲ್ಲ ಎಂದು ಚಪ್ಪಲಿ ಕಳಚಲು ಹೊರಟವರನ್ನು ನಾನು ನೋಡಿರುವುದರಿಂದ.

ಅಸಾಕುಸಾದ ತೊಡಕು ಆರಂಭವಾಗುವುದು ಹತ್ತು ಗಂಟೆಯ ಮೇಲೆ. ಜನಜಂಗುಳಿ ಏರುತ್ತದೆ, ಝುಹರ್ ಹೊತ್ತು ಬರುತ್ತದೆ, ದಾರುಲ್ ಅರ್ಖಮ್ ಮಸೀದಿ ಇರುವುದು ಹಿಗಾಶಿ-ಅಸಾಕುಸಾದಲ್ಲಿ, ದೇವಾಲಯದಿಂದ ಬಡಗಣಕ್ಕೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ನೋಡುವ ಜಾಗಗಳೆಲ್ಲ ಇರುವುದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ. 634 ಮೀಟರು ಎತ್ತರದ ಸ್ಕೈಟ್ರೀ ಗೋಪುರ ನದಿಯಾಚೆಗೆ. ಗೆಳೆಯರು ಒಂದು ದಿನ ಝುಹರ್‌ಗೂ ಅಸರ್‌ಗೂ ಆ ದಾರಿಯನ್ನು ನಡೆದು ಬಂದಾಗ ಹಗಲೇ ಮುಗಿದಿತ್ತು. ಕೋಣೆ ಹತ್ತಿರವಿದೆಯಲ್ಲ, ಅಲ್ಲೇ ನಮಾಝ್ ಮಾಡಬಹುದಲ್ಲ ಎಂದರೆ ಮಾಡಬಹುದು. ನಾವು ಹಾಗೆಯೂ ಮಾಡಿದೆವು. ಟೋಕಿಯೊದಲ್ಲಿ ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಸುಮಾರು 293 ಡಿಗ್ರಿ, ಊರಿನಲ್ಲಿ ನಾವು ನಿಲ್ಲುವ ದಿಕ್ಕಿಗೂ ಅದಕ್ಕೂ ಕೆಲವೇ ಡಿಗ್ರಿಗಳ ವ್ಯತ್ಯಾಸ. ಆದರೆ ಅಗ್ಗದ ಕೋಣೆಗಳಲ್ಲಿ ಮಂಚ ಮತ್ತು ಗೋಡೆಯ ನಡುವೆ ಉಳಿಯುವ ಜಾಗದಲ್ಲಿ ಒಬ್ಬರು ಹಣೆ ನೆಲಕ್ಕಿಟ್ಟು ಸುಜೂದ್ ಮಾಡುವಾಗ ಇನ್ನೊಬ್ಬರು ಮಂಚದ ಮೇಲೆ ಕುಳಿತಿರಬೇಕಾಗುತ್ತದೆ, ಒಟ್ಟಾಗಿ ನಿಂತು ಮಾಡುವ ಜಮಾಅತ್ ಅಂತೂ ಅಸಾಧ್ಯ.

ಒಕಾಚಿಮಾಚಿಯ ಬಗ್ಗೆ ಹೆಚ್ಚು ಬರೆಯಬೇಕಿದೆ, ಏಕೆಂದರೆ ಹೊರನೋಟಕ್ಕೆ ಅದು ಅಷ್ಟೇನೂ ಆಕರ್ಷಕವಲ್ಲ. ಯಾಮಾನೋತೆ ಮಾರ್ಗದಲ್ಲಿ ಉಯೆನೊ ಮತ್ತು ಅಕಿಹಾಬಾರಾ ನಡುವಣ ನಿಲ್ದಾಣ ಅದು. ರೈಲು ಕಂಬಿಗಳ ಕೆಳಗೂ ಪಕ್ಕದಲ್ಲೂ ಹಬ್ಬಿರುವ ಅಮೆಯೊಕೊ ಸಂತೆ ಯುದ್ಧಾನಂತರದ ಕಾಳಸಂತೆಯಾಗಿ ಹುಟ್ಟಿದ್ದು. ಈಗ ಒಣಮೀನು, ಚಹಾ, ಬೂಟು, ಬಾದಾಮಿ ಎಲ್ಲವೂ ಅಲ್ಲಿ ಕೂಗಿ ಮಾರುವ ಸರಕು. ಅಸ್ಸಲಾಂ ಮಸೀದಿ ನಿಲ್ದಾಣದಿಂದ ಐದು ನಿಮಿಷದ ನಡಿಗೆಯಲ್ಲಿ, ಅಗಲ ಕಡಿಮೆಯಿರುವ ಮಹಡಿ ಕಟ್ಟಡವೊಂದರಲ್ಲಿದೆ. ಗುಮ್ಮಟ ಹುಡುಕುತ್ತಾ ಹೋದವರು ಅದನ್ನು ದಾಟಿ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು. ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುವ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಎರಡು ಗಂಟೆ ನೋಡಿ, ಉದ್ಯಾನದೊಳಗಿನಿಂದ ಇಳಿದು, ಸಂತೆಯ ಮೂಲಕ ಹಾದು ಮಸೀದಿ ಸೇರಿದರೆ ಝುಹರ್ ಜಮಾಅತ್ ಸಿಗುತ್ತದೆ. ಅಲ್ಲಿಂದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಅಕಿಹಾಬಾರಾ ಒಂದು ನಿಲ್ದಾಣ. ಅಸರ್‌ಗೆ ಹಿಂತಿರುಗುವುದೂ ಹೊರೆಯೆನಿಸುವುದಿಲ್ಲ. ಅಸಾಕುಸಾಕ್ಕೆ ಉಯೆನೊದಿಂದ ಗಿಂಜಾ ಮಾರ್ಗದಲ್ಲಿ ಮೂರೇ ನಿಲ್ದಾಣ, ಮತ್ತು ಈ ತುಂಡು ಏಷ್ಯಾದ ಮೊದಲ ಸುರಂಗ ರೈಲಾಗಿ 1927ರಲ್ಲಿ ಓಡಲಾರಂಭಿಸಿದ ಮಾರ್ಗ ಎಂಬುದನ್ನು ತಿಳಿದು ಹತ್ತಿದರೆ ಪ್ರಯಾಣವೂ ನೋಟದ ಭಾಗವಾಗುತ್ತದೆ. ಹೀಗೆ, ಅಸಾಕುಸಾದ ಬೆಳಗನ್ನೂ ಬಿಡಬೇಕಾಗಿಲ್ಲ.

ಕೊರತೆಗಳೂ ಇವೆ. ಕಂಬಿಗಳ ಕೆಳಗಿನ ಸಣ್ಣ ಮದ್ಯದಂಗಡಿಗಳಿಂದ ಸಂಜೆ ಐದರ ನಂತರ ಹೊಗೆ, ಗದ್ದಲ ಬೀದಿಗೆ ಚಾಚುತ್ತವೆ. ಮಕ್ಕಳೊಂದಿಗೆ ಬಂದ ಕುಟುಂಬಕ್ಕೆ ಅಸಾಕುಸಾದ ಒಳಬೀದಿಗಳೇ ನೆಮ್ಮದಿ. ರೈಲಿನ ಸದ್ದು ಹಗಲೆಲ್ಲ ನಿಲ್ಲುವುದಿಲ್ಲ.

ವುಝೂ ವಿಷಯದಲ್ಲಿ ಮೂರು ಬಡಾವಣೆಗಳಿಗಿಂತ ಮುಖ್ಯವಾದುದು ಕಾಲಿಗೆ ಏನು ತೊಟ್ಟಿದ್ದೇವೆ ಎಂಬುದು. ಜಪಾನಿನ ಶೌಚಾಲಯಗಳಲ್ಲಿ ನೀರು ಚಿಮ್ಮಿಸುವ ಒತ್ತುಗುಂಡಿ ಇರುವುದರಿಂದ ಶುದ್ಧಿಗೆ ತೊಂದರೆಯಿಲ್ಲ, ಯುರೋಪಿನಲ್ಲಿ ಬಾಟಲಿ ಹೊತ್ತು ತಿರುಗಿದವರಿಗೆ ಅದು ದೊಡ್ಡ ನೆಮ್ಮದಿ. ಕಷ್ಟವಿರುವುದು ಕಾಲು ತೊಳೆಯುವುದರಲ್ಲಿ. ಕೈತೊಳೆಯುವ ತೊಟ್ಟಿಗಳು ಅಂಗೈಯಗಲ, ನೆಲ ಒಣಗಿ ಫಳಫಳಿಸುತ್ತಿರುತ್ತದೆ, ಅಲ್ಲಿ ಕಾಲೆತ್ತಿ ನೀರು ಚೆಲ್ಲುವುದನ್ನು ಆ ಊರಿನವರು ಬಾಯಿಬಿಟ್ಟು ಆಕ್ಷೇಪಿಸದಿದ್ದರೂ ನಮಗೇ ಹಿಂಜರಿಕೆಯಾಗುತ್ತದೆ. ಊರಿನಿಂದ ಒಯ್ದ ಖುಫ್ಫ್, ಅಂದರೆ ಚರ್ಮದ ಕಾಲುಚೀಲ, ಇದಕ್ಕೆ ಉತ್ತರವಾಯಿತು. ಪೂರ್ಣ ವುಝೂ ಮಾಡಿ ತೊಟ್ಟರೆ ಪ್ರಯಾಣಿಕನು ಮೂರು ಹಗಲು ಮೂರು ರಾತ್ರಿ ಅದರ ಮೇಲೆಯೇ ಒದ್ದೆ ಕೈ ಸವರಬಹುದು. ಮೊದಲ ದಿನಗಳ ಸುತ್ತಾಟಕ್ಕೆ ಅಳತೆ ಕೊಟ್ಟು ಹೊಲಿಸಿದಂತಿರುವ ಅವಧಿ. ಶೂ ಒಂದು ಅಳತೆ ದೊಡ್ಡದಿರಬೇಕು, ಅಷ್ಟೆ.

ಊಟದಲ್ಲಿ ನಮ್ಮಿಬ್ಬರ ದಾರಿ ಬೇರೆಯಾಯಿತು. ಸಮುದ್ರದ್ದೆಲ್ಲ ನನಗೆ ಹಲಾಲ್. ಗೆಳೆಯರು ಮೀನಿನ ಹೊರತು ಆಕ್ಟೋಪಸ್, ಬೊಂಡಾಸ್, ಏಡಿ ಮುಟ್ಟುವುದಿಲ್ಲ. ಆದರೂ ಕಡಲಾಹಾರವೆಂದು ನಾನು ಕಣ್ಣುಮುಚ್ಚಿ ತಿನ್ನುವಂತಿರಲಿಲ್ಲ, ಏಕೆಂದರೆ ಅಡಚಣೆ ಇರುವುದು ಮೀನಿನಲ್ಲಿ ಅಲ್ಲ, ಅದನ್ನು ಬೇಯಿಸುವ ರಸದಲ್ಲಿ. ಸೋಬಾ, ಉದೊನ್ ನೂಡಲ್ಸ್‌ಗಳ ಸಾರಿಗೆ ಸಾಮಾನ್ಯವಾಗಿ ಬೀಳುವ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಶೇಕಡಾ 14ರ ಆಸುಪಾಸು ಮದ್ಯಸಾರವುಳ್ಳದ್ದು. ಪೊಟ್ಟಣದ ತಿನಿಸಿನ ಹಿಂಬದಿಯ ಬರಹವನ್ನು ಫೋನಿನ ಕ್ಯಾಮೆರಾದಿಂದ ಅನುವಾದಿಸಿಕೊಳ್ಳಬಹುದು, ಆದರೆ ಅಲರ್ಜಿ ಪಟ್ಟಿಯೊಂದನ್ನೇ ನಂಬಬಾರದು: ಜಪಾನಿನ ನಿಯಮದಲ್ಲಿ ಹಂದಿಮಾಂಸ ಮತ್ತು ಜೆಲಾಟಿನ್ ನಮೂದಿಸಲು ಶಿಫಾರಸು ಮಾಡಿದ ಪಟ್ಟಿಯಲ್ಲಿವೆ, ಕಡ್ಡಾಯ ಪಟ್ಟಿಯಲ್ಲಿಲ್ಲ. ಅಂಗಡಿಯ ಕಪಾಟಿನಲ್ಲಿ ನಮ್ಮಿಬ್ಬರಿಗೂ ಒಪ್ಪಿಗೆಯಾದದ್ದು ಉಪ್ಪು ಮಾತ್ರ ಹಾಕಿದ ಅನ್ನದುಂಡೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅದೂ ಪ್ರತಿ ಸಲ ಬರಹ ಓದಿದ ಮೇಲೆ.

ಜಪಾನಿ ಊಟವನ್ನೇ ಮಾಡಬೇಕೆಂದರೆ ಅಸಾಕುಸಾ ಮುಂದಿದೆ. ನಾರಿತಾಯಾ ಹೋಟೆಲಿನ ಹಲಾಲ್ ರಾಮೆನ್ ನೂಡಲ್ಸ್ ಕೋಳಿ ಸಾರಿನದು, ತೆಳುವಾದರೂ ಆಳವಾದ ರುಚಿ, ಚಳಿಯಲ್ಲಿ ಬಟ್ಟಲು ಬರಿದಾಗುವವರೆಗೂ ತಲೆಯೆತ್ತಲು ಮನಸ್ಸಾಗುವುದಿಲ್ಲ. ಒಕಾಚಿಮಾಚಿಯಲ್ಲಿ ಹಲಾಲ್ ಯಾಕಿನಿಕು (ಕೆಂಡದ ಮೇಲೆ ಸುಟ್ಟ ಮಾಂಸ) ಇದೆ, ಬೆಲೆ ಜೇಬಿಗೆ ಭಾರ. ಆದರೆ ಒಕಾಚಿಮಾಚಿ ಒಡವೆ ಮತ್ತು ಹರಳುಗಳ ಸಗಟು ಪೇಟೆ. ಹರಳಿನ ವ್ಯಾಪಾರಕ್ಕೆ ಬಂದು ನೆಲೆಸಿದ ಭಾರತೀಯರಿಂದಾಗಿ ಅಲ್ಲಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲೂ ಇದೆ. ಹಲಾಲ್ ಪ್ರಶ್ನೆಯನ್ನೇ ಎತ್ತದೆ ದೋಸೆ ತಿಂದು ಏಳಬಹುದಾದ ಸೌಲಭ್ಯವನ್ನು ದಣಿದ ಸಂಜೆಗಳಲ್ಲಿ ನಾವು ಧಾರಾಳವಾಗಿ ಬಳಸಿಕೊಂಡೆವು, ಚಟ್ನಿಯ ವಿಷಯದಲ್ಲಿ ಮಾತ್ರ ಕಲಬುರಗಿಗೂ ಮಂಗಳೂರಿಗೂ ಒಮ್ಮತ ಮೂಡಲಿಲ್ಲ.

ಶುಕ್ರವಾರ ಈ ಲೆಕ್ಕ ಬದಲಾಗುತ್ತದೆ. ಆ ದಿನದ ಸಾಮೂಹಿಕ ನಮಾಝ್ ಜುಮಾವನ್ನು ಟೋಕಿಯೊ ಜಾಮಿ ಮಸೀದಿಯಲ್ಲಿ ಮಾಡಬೇಕೆಂಬ ಆಸೆ ಹೊಸಬರಿಗೆಲ್ಲ ಇರುತ್ತದೆ, ಅದು ನ್ಯಾಯವೂ ಹೌದು. ರಷ್ಯಾದ ಕ್ರಾಂತಿಯ ನಂತರ ವಲಸೆ ಬಂದ ತಾತಾರ್ ಮುಸ್ಲಿಮರಿಗಾಗಿ 1938ರಲ್ಲಿ ಎದ್ದ ಮಸೀದಿ ಶಿಥಿಲಗೊಂಡು 1986ರಲ್ಲಿ ಕೆಡವಲ್ಪಟ್ಟು, ತುರ್ಕಿಯ ನೆರವಿನಿಂದ 2000ದಲ್ಲಿ ಒಟ್ಟೋಮನ್ ಶೈಲಿಯಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಇದಕ್ಕೆ ಇಳಿಯಬೇಕಾದ ನಿಲ್ದಾಣ ಯೊಯೊಗಿ-ಉಯೆಹಾರಾ. ಶಿನ್-ಓಕುಬೊದಿಂದ ಒಂದು ನಿಲ್ದಾಣ ಹೋಗಿ ಶಿಂಜುಕುವಿನಲ್ಲಿ ಒಡಾಕ್ಯು ರೈಲು ಹತ್ತಿದರೆ ಅತಿ ಸಮೀಪ. ಅಸಾಕುಸಾದಿಂದ ರೈಲು ಬದಲಿಸಬೇಕು. ಒಕಾಚಿಮಾಚಿಯವರು ಸ್ವಲ್ಪ ನಡೆದು ಯುಶಿಮಾ ನಿಲ್ದಾಣದಲ್ಲಿ ಚಿಯೊದಾ ಮಾರ್ಗ ಹಿಡಿದರೆ ರೈಲು ಬದಲಿಸದೆ ನೇರ ತಲುಪಬಹುದು. ಜುಮಾ ಮುಗಿಸಿ ಅದೇ ಮಾರ್ಗದಲ್ಲಿ ಎರಡು ನಿಲ್ದಾಣ ಹಿಂದಕ್ಕೆ ಬಂದರೆ ಮೇಜಿ ಜಿಂಗು ಶಿಂತೊ ದೇಗುಲದ ಕಾಡಿನ ಬಾಗಿಲು. ಚಳಿಗಾಲದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಆ ಬಾಗಿಲು ಮುಚ್ಚುವುದರಿಂದ ತಡಮಾಡುವಂತಿಲ್ಲ. ಕ್ಯೋಟೊ ಕಡೆಗೆ ಮುಂದುವರಿಯುವವರು ಜಾಮಿಯ ಕೆಳಮಹಡಿಯಲ್ಲಿರುವ ಹಲಾಲ್ ಅಂಗಡಿಯಿಂದ ಒಣ ತಿನಿಸನ್ನು ಅಂದೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು, ಶಿಂಕಾನ್ಸೆನ್ (ಬುಲೆಟ್ ರೈಲು) ನಿಲ್ದಾಣಗಳಲ್ಲಿ ಮಾರುವ ಊಟದ ಡಬ್ಬಿಗಳಲ್ಲಿ ನಮಗೆ ಒಗ್ಗುವಂಥದು ಸಿಗುವುದು ಅಪರೂಪ.