ಭಾನುವಾರ ಮನೆ ನೋಡಿ ಅಡ್ವಾನ್ಸ್ ಕೊಡಬೇಡಿ

2022ರ ಮಾರ್ಚ್‌ನ ಒಂದು ಭಾನುವಾರ ಬೆಂಗಳೂರಿನ ಗುಂಜೂರು ಕಡೆ ಫ್ಲಾಟ್ ನೋಡಲು ಹೋಗಿದ್ದೆವು. ಮಗಳು ಆಗ ನಾಲ್ಕನೇ ಕ್ಲಾಸು. ಗಿರಿನಗರದ ಬಾಡಿಗೆ ಮನೆ ಬಿಟ್ಟು, ಒಳ್ಳೆಯ ಸ್ಕೂಲು ಹತ್ತಿರ ಇರುವ, ಮಕ್ಕಳು ಒಟ್ಟಿಗೆ ಆಡುವ ಕಡೆ ಹೋಗಬೇಕು ಅನ್ನೋದು ನಮ್ಮ ಬಹಳ ದಿನದ ಆಸೆ. ಅಲ್ಲಿ ಪಾರ್ಕು, ಜಾರುಬಂಡೆ, ಈಜುಕೊಳದಲ್ಲಿ ಮಕ್ಕಳ ಗಲಾಟೆ ಎಲ್ಲಾ ಇತ್ತು. ಸ್ಕೂಲು ಮೂರು ಕಿಲೋಮೀಟರ್ ಒಳಗೇ. ಕಾರಿನಲ್ಲಿ ಎಂಟೇ ನಿಮಿಷ. ಸಂಜೆಗೆಲ್ಲಾ ಎರಡು ಲಕ್ಷ ಅಡ್ವಾನ್ಸ್ ಕೊಟ್ಟುಬಿಟ್ಟೆವು.

ಸ್ಕೂಲು ಶುರುವಾದ ಮೊದಲ ಸೋಮವಾರವೇ ತಪ್ಪು ಗೊತ್ತಾಯಿತು. ಸ್ಕೂಲಿಗೆ ಹೋಗಲು ಕಾರ್ಮೆಲರಾಂ ರೈಲ್ವೆ ಗೇಟ್ ದಾಟಬೇಕಿತ್ತು. ಗೇಟ್ ಹಾಕಿದರೆ ಎರಡೂ ಕಡೆ ಗಾಡಿಗಳು ನಿಲ್ಲುತ್ತಿದ್ದವು, ತೆಗೆದ ಮೇಲೆ ಎದುರುಬದುರು ಸಿಕ್ಕಿಕೊಳ್ಳುತ್ತಿದ್ದವು. ಎಂಟು ನಿಮಿಷದ ದಾರಿಗೆ ಐವತ್ತು ನಿಮಿಷ. ಮಗು ಆರು ಗಂಟೆಗೇ ಏಳಬೇಕಾಯಿತು. ತಿಂಡಿ ಎಷ್ಟೋ ದಿನ ಕಾರಲ್ಲೇ.

ಇದನ್ನಾದರೂ ಸಹಿಸಬಹುದಿತ್ತು. ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ.

ಸ್ಕೂಲಿನವರು ಸಿಬಿಎಸ್‌ಇ ಅಂತಲೇ ಹೇಳಿ ಫೀಸು ಕಟ್ಟಿಸಿಕೊಂಡಿದ್ದರು. 2023ರ ಜನವರಿಯಲ್ಲಿ, ಐದನೇ ಕ್ಲಾಸಿನ ಮಕ್ಕಳು ರಾಜ್ಯದ ಮೌಲ್ಯಾಂಕನ ಪರೀಕ್ಷೆ ಬರೆಯಬೇಕು ಎಂದರು. ಯಾಕೆ ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು: ಆ ಬ್ರಾಂಚಿಗೆ ಸಿಬಿಎಸ್‌ಇ ಮಾನ್ಯತೆಯೇ ಇರಲಿಲ್ಲ. ಆ ತಿಂಗಳು ಬೆಂಗಳೂರಿನ ಬೇರೆ ಕಡೆಯೂ ಪೋಷಕರು ಇದೇ ವಿಷಯಕ್ಕೆ ಸ್ಕೂಲುಗಳ ಮುಂದೆ ನಿಂತಿದ್ದರು. ಸ್ಟೇಟ್ ಸಿಲಬಸ್ ಬಗ್ಗೆ ನನಗೆ ತಕರಾರಿಲ್ಲ, ನಾನು ಓದಿದ್ದೇ ಅದರಲ್ಲಿ. ಆದರೆ ಒಂದು ಹೇಳಿ ಇನ್ನೊಂದು ಮಾಡಿದ್ದು ಅನ್ಯಾಯ. ವರ್ಷವಿಡೀ ಒಂದು ಪುಸ್ತಕ ಓದಿದ ಮಗು ಎರಡು ತಿಂಗಳಲ್ಲಿ ಇನ್ನೊಂದಕ್ಕೆ ತಯಾರಾಗಬೇಕು ಅಂದರೆ ಹೇಗೆ? ಅವಳು ರಾತ್ರಿ ಅಳುತ್ತಿದ್ದಳು.

ಆಮೇಲೆ ಕಲಿತದ್ದು ಹೇಳುತ್ತೇನೆ. ಸಿಬಿಎಸ್‌ಇ ಮಾನ್ಯತೆ ಸ್ಕೂಲಿನ ಹೆಸರಿಗೆ ಸಿಗುವುದಲ್ಲ. ಒಂದೇ ಹೆಸರಿನ ಹತ್ತು ಬ್ರಾಂಚ್ ಇದ್ದರೆ ಹತ್ತಕ್ಕೂ ಬೇರೆ ಬೇರೆ ನಂಬರ್ ಇರಬೇಕು. ಆ ನಂಬರ್ ಕೇಳಿ, ಸಿಬಿಎಸ್‌ಇಯ ಸಾರಸ್ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಅಲ್ಲಿರುವ ವಿಳಾಸ ನಿಮ್ಮ ಮಗು ಹೋಗುವ ಕಟ್ಟಡದ್ದೇನಾ ನೋಡಿ. ಯಾವ ಕ್ಲಾಸಿನವರೆಗೆ ಮಾನ್ಯತೆ, ಯಾವ ವರ್ಷದವರೆಗೆ, ಅದನ್ನೂ ನೋಡಿ. ಪ್ರತಿ ಸ್ಕೂಲಿಗೂ ಸರ್ಕಾರ ಕೊಡುವ ಹನ್ನೊಂದು ಅಂಕಿಯ ಯುಡೈಸ್ ನಂಬರನ್ನೂ ಕೇಳಿ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. "ಅಪ್ಲೈ ಮಾಡಿದೀವಿ, ಬರತ್ತೆ ಮೇಡಂ" ಅಂದರೆ ಎದ್ದು ಬನ್ನಿ.

ಇನ್ನು ಅಕ್ಕಪಕ್ಕದವರ ವಿಷಯ. ಗಿರಿನಗರದಲ್ಲಿ ನಾನು ಬರುವುದು ತಡವಾದರೆ ಪಕ್ಕದ ಮನೆ ಅಜ್ಜಿ ಮಗಳನ್ನು ಕೂರಿಸಿಕೊಂಡು ಚಪಾತಿ ಬೆಲ್ಲ ಕೊಡುತ್ತಿದ್ದರು. ಇಲ್ಲಿ ಅವಳಿಗೆ ಸಿಕ್ಕ ಮೊದಲ ಗೆಳತಿ ಐದು ತಿಂಗಳಿಗೇ ಮನೆ ಖಾಲಿ ಮಾಡಿದಳು. ಎರಡನೆಯವಳೂ ಹೋದಳು. ಇಲ್ಲಿ ಯಾಕೆ ಜನ ನಿಲ್ಲೋದೇ ಇಲ್ಲ ಎಂದು ವಾಚ್‌ಮನ್ ಅಣ್ಣನನ್ನು ಕೇಳಿದೆ. "ಅರ್ಧಕ್ಕರ್ಧ ಬಾಡಿಗೆಗೆ ಕೊಟ್ಟಿರೋವೇ ಮೇಡಂ. ಹನ್ನೊಂದು ತಿಂಗಳ ಅಗ್ರಿಮೆಂಟು. ಪ್ರತಿ ಶನಿವಾರ ಸಾಮಾನಿನ ಲಾರಿ ಬರ್ತಾನೇ ಇರತ್ತೆ" ಎಂದರು. ಬಾಡಿಗೆಯವರದ್ದು ಏನೂ ತಪ್ಪಿಲ್ಲ, ನಾವೂ ಹದಿಮೂರು ವರ್ಷ ಬಾಡಿಗೆಯಲ್ಲೇ ಇದ್ದವರು. ಆದರೆ ವರ್ಷವರ್ಷ ಜನ ಬದಲಾಗುವ ಕಡೆ ಮಗುವಿಗೆ ಗೆಳೆತನ ಬೆಳೆಯುವುದು ಕಷ್ಟ. ನಾವು ನೋಡಿದ ಈಜುಕೊಳದ ಗಲಾಟೆಯೂ ಯಾರದೋ ಹುಟ್ಟುಹಬ್ಬಕ್ಕೆ ಬಂದಿದ್ದ ಮಕ್ಕಳದ್ದಂತೆ.

ವಾಚ್‌ಮನ್ ಅಣ್ಣನಿಗೆ ಕೇಳಿದ ಆ ಒಂದು ಪ್ರಶ್ನೆಯನ್ನು ಅಡ್ವಾನ್ಸ್ ಕೊಡುವ ಮೊದಲೇ ಕೇಳಿದ್ದರೆ ಸಾಕಿತ್ತು.

2024ರಲ್ಲಿ ಗಿರಿನಗರಕ್ಕೇ ವಾಪಸ್ ಬಂದೆವು, ಮತ್ತೆ ಬಾಡಿಗೆಗೆ. ಫ್ಲಾಟಿನ ಇಎಂಐ ಇನ್ನೂ ಕಟ್ಟುತ್ತಿದ್ದೇವೆ.

ಈ ಭಾನುವಾರ ಮನೆ ನೋಡಲು ಹೊರಟಿದ್ದರೆ ನೋಡಿ ಬನ್ನಿ, ದುಡ್ಡು ಮಾತ್ರ ಕೊಡಬೇಡಿ. ಅರ್ಧ ದಿನ ರಜೆ ಹಾಕಿ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಏಳೂವರೆಗೆ ಆ ಅಪಾರ್ಟ್‌ಮೆಂಟಿನ ಗೇಟಿನಿಂದ ಸ್ಕೂಲಿನವರೆಗೆ ಗಾಡಿ ಓಡಿಸಿ. ಸಂಜೆ ಐದಕ್ಕೆ ಮತ್ತೆ ಹೋಗಿ, ಪಾರ್ಕಿನಲ್ಲಿ ಕೂತಿರುವ ಅಮ್ಮಂದಿರನ್ನು, ಅಜ್ಜಿಯರನ್ನು ಮಾತಾಡಿಸಿ. ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿ.